ಹುಳುವಿನ ನಂಜಾಣುವನ್ನು ಸೀಸೆಯಲ್ಲಿ ಬೆಳೆಸಬಹುದೇ?

ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ ಬೆಂಗಳೂರಿನ ಗಾಂಧಿ ಬಜಾರಿಗಾಗಲಿ, ವಿಶ್ವೇಶ್ವರಪುರದ ಸಜ್ಜನ್‌ರಾವ್ ವೃತ್ತಕ್ಕಾಗಲಿ, ಮಲ್ಲೇಶ್ವರದ ಮಾರುಕಟ್ಟೆಗಾಗಲಿ ಹೋದರೆ ಅವರೆಕಾಯಿಯ ರಾಶಿ ಕಣ್ಣಿಗೆ ಬೀಳುತ್ತದೆ. ಕೊಳ್ಳುವವರು ಮೊದಲು ಕಾಯಿಯನ್ನು ಮೂಸಿ ಸೊಗಡು ನೋಡುತ್ತಾರೆ. ಅನಂತರ ತಿರುವಿ ಹಾಕಿ ತೂತು ಇದೆಯೇ ಎಂದು ನೋಡುತ್ತಾರೆ. ತೂತು ಬಿದ್ದ ಕಾಯಿ ಹೆಚ್ಚಾದರೆ ಬೆಲೆ ಇಳಿಯುತ್ತದೆ. ಈ ಭಯದಿಂದಲೇ ಅನೇಕ ರೈತರು ಕಾಯಿ ಕೀಳುವ ವಾರದವರೆಗೂ ರಾಸಾಯನಿಕ ಕೀಟನಾಶಕವನ್ನು ಸಿಂಪಡಿಸುತ್ತಾರೆ. ಅದರ ಶೇಷಾಂಶ ಕಾಯಿಯೊಡನೆ ಪೇಟೆಯ ಅಡಿಗೆ ಮನೆಗೂ ಹೋಗುತ್ತದೆ, ರೈತರ ಮನೆಯ ಸಾರಿನ ಪಾತ್ರೆಗೂ ಬರುತ್ತದೆ.

ಇದಕ್ಕೆ ಬದಲಾಗಿ ಕಾಯಿಕೊರಕ ಹುಳುವಿಗೆ ಮಾತ್ರ ರೋಗ ತರುವ ಎನ್.ಪಿ.ವಿ. ಎಂಬ ನಂಜಾಣುವನ್ನು ಸಿಂಪಡಿಸಲು ಕೃಷಿ ವಿಜ್ಞಾನಿಗಳು ಬಹಳ ವರ್ಷಗಳಿಂದ ಶಿಫಾರಸು ಮಾಡುತ್ತಿದ್ದಾರೆ. ಇದನ್ನು ಬಳಸಿದ ರೈತರಿಂದ ಕೇಳಿ ಬರುವ ದೂರುಗಳು ಮುಖ್ಯವಾಗಿ ಎರಡು. ಒಂದು, ಬೇಕಾದ ಕಾಲಕ್ಕೆ ಇದು ಸಿಗುವುದಿಲ್ಲ. ಎರಡು, ಒಂದು ಸೀಸೆ ಚೆನ್ನಾಗಿ ಕೆಲಸ ಮಾಡಿದರೆ ಮತ್ತೊಂದು ಮಾಡುವುದಿಲ್ಲ. "ಟ್ರೈಕೋಡರ್ಮಾದಂತೆ ಇದನ್ನೂ ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಿಸಬಾರದೇಕೆ?" ಎಂಬುದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ನಂಜಾಣುವಿನ ಸ್ವಭಾವದಲ್ಲೇ ಇದೆ. ಅದನ್ನು ತಿಳಿದುಕೊಂಡ ರೈತನು ಅಂಗಡಿಯಲ್ಲಿ ಮೋಸ ಹೋಗುವುದು ಕಡಿಮೆ, ಹೊಲದಲ್ಲಿ ನಿರಾಶನಾಗುವುದೂ ಕಡಿಮೆ.

ನಂಜಾಣುವಿಗೆ ಜೀವಕೋಶವೇ ಹೊಲ

ಟ್ರೈಕೋಡರ್ಮಾ ಒಂದು ಶಿಲೀಂಧ್ರ, ಬಿ.ಟಿ. ಒಂದು ದುಂಡಾಣು. ಇವುಗಳಿಗೆ ಬೆಲ್ಲದ ಪಾಕ, ಧಾನ್ಯದ ಹಿಟ್ಟು ಮುಂತಾದ ಆಹಾರವನ್ನು ಒದಗಿಸಿದರೆ ಸಾಕು, ತಾವಾಗಿಯೇ ತಿಂದು ಬೆಳೆಯುತ್ತವೆ. ನಂಜಾಣು ಹಾಗಲ್ಲ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಾಟವೂ ಇಲ್ಲ. ಜೀವವಿರುವ ಕೋಶದೊಳಗೆ ಹೊಕ್ಕು, ಆ ಕೋಶದ ಯಂತ್ರಾಂಗವನ್ನೇ ವಶಪಡಿಸಿಕೊಂಡು, ತನ್ನಂಥ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುವುದು ಅದರ ರೀತಿ. ಆದುದರಿಂದ ಎಷ್ಟೇ ಪುಷ್ಟಿಯಾದ ಪಾಕವಿದ್ದರೂ ಜೀವಕೋಶವಿಲ್ಲದೆ ನಂಜಾಣು ಒಂದರಿಂದ ಎರಡಾಗುವುದಿಲ್ಲ.

ಎನ್.ಪಿ.ವಿ. ಎಂದರೆ ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್. ಇದರ ವಿಶೇಷವೆಂದರೆ ನಂಜಾಣುಗಳು ಒಂದು ಬಗೆಯ ಸಸಾರಜನಕದ ಹರಳಿನೊಳಗೆ ಹುದುಗಿರುತ್ತವೆ. ಒಂದೊಂದು ಹರಳೂ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದರಿಂದ ಮೂರು ಭಾಗದಷ್ಟು ಗಾತ್ರವಿರುತ್ತದೆ. ಆದ್ದರಿಂದ ಕಾಲೇಜಿನಲ್ಲಿರುವ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಇದನ್ನು ನೋಡಬಹುದು, ಎಣಿಸಬಹುದು. ಈ ಹರಳು ನಂಜಾಣುವಿನ ಕೋಟೆ. ಹುಳು ಸತ್ತು ಕೊಳೆತ ಮೇಲೂ, ಮಣ್ಣಿನಲ್ಲಿ ಬಿದ್ದಿದ್ದರೂ, ಬಿಸಿಲು ತಗುಲದಿದ್ದರೆ ಅದು ಒಳಗಿನ ನಂಜಾಣುವನ್ನು ದೀರ್ಘಕಾಲ ಕಾಪಾಡುತ್ತದೆ.

ಹುಳು ಎಲೆಯೊಡನೆ ಹರಳನ್ನೂ ನುಂಗಿದಾಗ ಕೋಟೆ ಒಡೆಯುತ್ತದೆ. ಎಲೆ ತಿನ್ನುವ ಹುಳುಗಳ ಕರುಳಿನ ರಸ ಬಲವಾದ ಕ್ಷಾರಗುಣದ್ದು, ಸುಣ್ಣದ ತಿಳಿಯಂತೆ. ಈ ಕ್ಷಾರದಲ್ಲಿ ಹರಳು ಕರಗಿ ನಂಜಾಣುಗಳು ಹೊರಬಂದು ಕರುಳಿನ ಜೀವಕೋಶಗಳನ್ನು ಹೊಗುತ್ತವೆ. ಅಲ್ಲಿ ವೃದ್ಧಿಯಾದ ನಂಜಾಣುಗಳು ಹರಳಿಲ್ಲದೆ, ಬರಿಯ ಮೈಯಲ್ಲಿ ಹೊರಬಿದ್ದು ಹುಳುವಿನ ದೇಹವೆಲ್ಲ ಹರಡುತ್ತವೆ. ರೋಗ ಬಲಿತ ಮೇಲೆ ಪ್ರತಿ ಜೀವಕೋಶದೊಳಗೂ ಮತ್ತೆ ಹರಳುಗಳು ತುಂಬುತ್ತವೆ. ಹುಳು ಮೇವು ಬಿಟ್ಟು, ಗಿಡದ ತುದಿಗೆ ಹತ್ತಿ, ತಲೆ ಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಚರ್ಮ ಒಡೆದು ಸುರಿಯುವ ನೀರಿನಲ್ಲಿ ಕೋಟಿ ಕೋಟಿ ಹರಳುಗಳಿರುತ್ತವೆ. ನುಂಗಿದ ದಿನದಿಂದ ಸಾಯುವವರೆಗೆ ಸಾಮಾನ್ಯವಾಗಿ 4 ರಿಂದ 7 ದಿನ ಹಿಡಿಯುತ್ತದೆ.

ಹೀಗೆ ಒಂದೇ ನಂಜಾಣುವಿಗೆ ಎರಡು ರೂಪಗಳಿವೆ: ಒಂದು ಹುಳುವಿನಿಂದ ಇನ್ನೊಂದು ಹುಳುವಿಗೆ ಹೋಗಲು ಹರಳಿನ ರೂಪ, ಒಂದು ಜೀವಕೋಶದಿಂದ ಇನ್ನೊಂದು ಜೀವಕೋಶಕ್ಕೆ ಹೋಗಲು ಬರಿಯ ರೂಪ. ಇದನ್ನು ರೈತರು ನೆನಪಿನಲ್ಲಿಡಬೇಕು. ಮುಂದಿನ ವಿಷಯವೆಲ್ಲ ಈ ಎರಡು ರೂಪಗಳ ಮೇಲೆ ನಿಂತಿದೆ.

ಬೆಂಗಳೂರಿಗೆ ಹಳೆಯ ಪರಿಚಯ

ಈ ಬಗೆಯ ನಂಜಾಣು ನಮ್ಮ ಸೀಮೆಗೆ ಹೊಸದಲ್ಲ. ಬಸವನಗುಡಿಯಿಂದ ಯಡಿಯೂರಿನ ಕಡೆಗೆ ಹೋದರೆ 'ಟಾಟಾ ಸಿಲ್ಕ್ ಫಾರಂ' ಎಂಬ ಬಡಾವಣೆ ಸಿಗುತ್ತದೆ. ಈಗ ಅಲ್ಲಿ ಇರುವುದು ಮನೆಗಳೇ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೆಡ್‌ಜಿ ಟಾಟಾ ಅವರು ಮೈಸೂರು ಸರ್ಕಾರದ ನೆರವಿನಿಂದ, ಜಪಾನಿನ ತಜ್ಞರನ್ನು ಕರೆಸಿ, ರೇಷ್ಮೆ ಸಾಕಣೆಯನ್ನು ಶಾಸ್ತ್ರೀಯವಾಗಿ ಕಲಿಸಲು ಅಲ್ಲಿ ಕ್ಷೇತ್ರವನ್ನು ತೆರೆದಿದ್ದರು. 1910 ರಲ್ಲಿ ಅದರ ಆಡಳಿತ ಸಾಲ್ವೇಷನ್ ಆರ್ಮಿಗೆ ಹೋಯಿತು. ಊರು ಬೆಳೆದು ಕ್ಷೇತ್ರ ಮರೆಯಾಯಿತು, ಹೆಸರು ಉಳಿಯಿತು.

ರೇಷ್ಮೆ ಬೆಳೆಗಾರರಿಗೆ ಹಾಲು ತೊಂಡೆ ರೋಗವನ್ನು ಹೇಳಿಕೊಡಬೇಕಾಗಿಲ್ಲ. ಹುಳುವಿನ ಮೈ ಬಿಗಿದು ಹೊಳೆಯುತ್ತದೆ, ಗೆಣ್ಣುಗಳು ಉಬ್ಬುತ್ತವೆ, ಜ್ವರಕ್ಕೆ ಕೂರಬೇಕಾದ ಹುಳು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ, ಮುಟ್ಟಿದರೆ ಚರ್ಮ ಹರಿದು ಹಾಲಿನಂಥ ರಸ ಸೋರುತ್ತದೆ. ಆ ಬಿಳುಪಿಗೆ ಕಾರಣ ಮೇಲೆ ಹೇಳಿದ ಹರಳುಗಳೇ. ಅಂದರೆ ಹಾಲು ತೊಂಡೆ ರೋಗ ತರುವುದೂ ಒಂದು ಎನ್.ಪಿ.ವಿ.ಯೇ, ಅವರೆಯ ಕಾಯಿಕೊರಕವನ್ನು ಕೊಲ್ಲುವುದೂ ಇನ್ನೊಂದು ಎನ್.ಪಿ.ವಿ.ಯೇ. ಇವು ಒಂದೇ ಮನೆತನದ ಬೇರೆ ಬೇರೆ ಮಕ್ಕಳು. ಒಂದು ನಮಗೆ ಶತ್ರು, ಇನ್ನೊಂದು ಮಿತ್ರ.

ಶತ್ರುವನ್ನು ಅರಿಯಲು ಹೊರಟವರಿಂದಲೇ ಮಿತ್ರನನ್ನು ಬೆಳೆಸುವ ದಾರಿಯೂ ತೆರೆಯಿತು. 1935 ರಲ್ಲಿ ವಿಲಿಯಂ ಟ್ರೇಗರ್ ಎಂಬ ಅಮೆರಿಕದ ವಿಜ್ಞಾನಿ ರೇಷ್ಮೆ ಹುಳುವಿನ ಅಂಡಾಶಯದ ಅಂಗಾಂಶವನ್ನು ದೇಹದ ಹೊರಗೆ ಜೀವಂತವಾಗಿ ಇಟ್ಟು, ಅದರಲ್ಲಿ ಹಾಲು ತೊಂಡೆ ರೋಗದ ನಂಜಾಣುವನ್ನು ಬೆಳೆಸಿ ತೋರಿಸಿದರು. ಹುಳುವಿಲ್ಲದೆ ಹುಳುವಿನ ನಂಜಾಣುವನ್ನು ಬೆಳೆಸುವ ಕೆಲಸ ಹೀಗೆ ರೇಷ್ಮೆ ಹುಳುವಿನಿಂದಲೇ ಆರಂಭವಾಯಿತು.

ಹುಳುವಿನಲ್ಲೇ ಬೆಳೆಸುವ ರೀತಿ

ಈಗ ಮಾರಾಟದಲ್ಲಿರುವ ಕಾಯಿಕೊರಕದ ಎನ್.ಪಿ.ವಿ.ಯನ್ನು ಜೀವಂತ ಹುಳುಗಳಲ್ಲೇ ಬೆಳೆಸುತ್ತಾರೆ. ಕಡಲೆ ಹಿಟ್ಟು, ಯೀಸ್ಟ್, ಜೀವಸತ್ವಗಳನ್ನು ಕೂಡಿಸಿ ಮಾಡಿದ ಕೃತಕ ಆಹಾರದ ಮೇಲೆ ಹುಳು ಸಾಕುತ್ತಾರೆ. ಹುಳು ಸಾಕಷ್ಟು ಬೆಳೆದ ಮೇಲೆ ಆಹಾರದ ಮೇಲ್ಮೈಗೆ ನಂಜಾಣು ಸವರುತ್ತಾರೆ. ಒಂದು ವಾರದ ಹೊತ್ತಿಗೆ ಸತ್ತ ಹುಳುಗಳನ್ನು ಆಯ್ದು, ನೀರಿನಲ್ಲಿ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ ಹರಳುಗಳನ್ನು ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಾರೆ.

ಕೇಳಲು ಸುಲಭ, ಮಾಡಲು ಕಷ್ಟ. ಕಾಯಿಕೊರಕ ಹುಳುಗಳು ಒಂದನ್ನೊಂದು ಕಚ್ಚಿ ತಿನ್ನುವ ಜಾತಿಯವು. ಆದ್ದರಿಂದ ಪ್ರತಿ ಹುಳುವಿಗೂ ಪ್ರತ್ಯೇಕ ಗೂಡು ಬೇಕು. ಚಿಕ್ಕ ಹುಳುವಿಗೆ ನಂಜು ಕೊಟ್ಟರೆ ಬೇಗ ಸತ್ತು ಇಳುವರಿ ಕಡಿಮೆಯಾಗುತ್ತದೆ. ತೀರ ದೊಡ್ಡದಕ್ಕೆ ಕೊಟ್ಟರೆ ರೋಗ ಹಿಡಿಯದೆ ಪ್ಯೂಪಾ ಆಗಿಬಿಡುತ್ತದೆ. ಸಾಕಣೆ ಮನೆಗೆ ಬೇರೆ ರೋಗ ಹೊಕ್ಕರೆ ಇಡೀ ತಂಡವೇ ಹೋಯಿತು. ಕೆಲಸದವರ ಕೈಯಿಂದ ನಡೆಯಬೇಕಾದ ಕೆಲಸವಾದ್ದರಿಂದ ಕೂಲಿಯ ವೆಚ್ಚವೇ ಹೆಚ್ಚು. ಹೊಲದಲ್ಲಿ ಹುಳು ಕಂಡ ಮೇಲೆ ಬೇಡಿಕೆ ಬಂದರೆ ಆಗ ಮೊಟ್ಟೆಯಿಂದ ಆರಂಭಿಸಿ ತಯಾರಿಸುವುದು ಸಾಧ್ಯವಿಲ್ಲ. ಬೇಕಾದಾಗ ಸಿಗುವುದಿಲ್ಲವೆಂಬ ದೂರಿಗೆ ಮೂಲ ಇದು.

ಇನ್ನು ಅಳತೆಯ ವಿಷಯ. ಸೀಸೆಯ ಮೇಲೆ ಎಲ್.ಇ. ಎಂದು ಬರೆದಿರುವುದನ್ನು ನೋಡಿರುತ್ತೀರಿ. ಒಂದು ರೋಗಗ್ರಸ್ತ ಹುಳುವಿನಿಂದ ದೊರೆಯುವ ನಂಜಾಣುವಿಗೆ ಸಮನಾದ ಪ್ರಮಾಣ ಎಂದು ಅದರ ಅರ್ಥ. ಲೆಕ್ಕಕ್ಕೆ ಒಂದು ಎಲ್.ಇ. ಎಂದರೆ 600 ಕೋಟಿ ಹರಳು. ಎಕರೆಗೆ ಶಿಫಾರಸು ಮಾಡಿರುವ 100 ಎಲ್.ಇ.ಯಲ್ಲಿ 60,000 ಕೋಟಿ ಹರಳುಗಳಿರಬೇಕು. ಚೆನ್ನಾಗಿ ಬೆಳೆದ ಹುಳುವೊಂದರಿಂದ ಸುಮಾರು 200 ರಿಂದ 600 ಕೋಟಿ ಹರಳು ಸಿಗುವುದರಿಂದ ಎಕರೆಗೆ 100 ರಿಂದ 300 ಹುಳುಗಳನ್ನು ಸಾಕಿ ಕೊಲ್ಲಬೇಕಾಗುತ್ತದೆ. ತಯಾರಕನು ಹುಳುಗಳನ್ನು ಲೆಕ್ಕ ಹಾಕಿ ಹರಳುಗಳನ್ನು ಎಣಿಸದಿದ್ದರೆ, ಒಂದು ಸೀಸೆಗೂ ಇನ್ನೊಂದಕ್ಕೂ ಮೂರು ಪಾಲು ವ್ಯತ್ಯಾಸ ಬರಬಹುದು. ಎರಡನೆಯ ದೂರಿಗೆ ಇದೂ ಒಂದು ಮೂಲ.

ಜೀವಕೋಶವನ್ನೇ ಬೆಳೆಸಿದರೆ?

ನಂಜಾಣುವಿಗೆ ಬೇಕಾದುದು ಇಡೀ ಹುಳುವಲ್ಲ, ಹುಳುವಿನ ಜೀವಕೋಶ ಮಾತ್ರ. ಹಾಗಾದರೆ ಜೀವಕೋಶಗಳನ್ನೇ ದೇಹದಿಂದ ತೆಗೆದು, ಸೀಸೆಯಲ್ಲಿ ಸಾಕಿ, ಅವುಗಳಲ್ಲಿ ನಂಜಾಣುವನ್ನು ಬೆಳೆಸಬಾರದೇಕೆ? ಇದೇ ಈ ವಿದ್ಯೆಯ ತಿರುಳು.

ಮೊದಲ ತೊಡಕು ಆಹಾರದ್ದು. ಹುಳುವಿನ ಜೀವಕೋಶ ಮುಳುಗಿರುವುದು ಅದರ ರಕ್ತದಲ್ಲಿ. ಆ ರಕ್ತದಲ್ಲಿ ಯಾವ ಲವಣ, ಯಾವ ಸಕ್ಕರೆ, ಯಾವ ಅಮೈನೋ ಆಮ್ಲ ಎಷ್ಟೆಷ್ಟು ಎಂದು ತಿಳಿಯಬೇಕು. 1956 ರಲ್ಲಿ ವ್ಯಾಟ್ ಎಂಬ ವಿಜ್ಞಾನಿ ರೇಷ್ಮೆ ಹುಳುವಿನ ರಕ್ತದ ಪ್ರಮಾಣಗಳನ್ನು ಅನುಸರಿಸಿ ಪೋಷಕ ದ್ರಾವಣವೊಂದನ್ನು ರೂಪಿಸಿದರು. ಅದನ್ನು ತಿದ್ದಿ ಬಳಸಿದ ಆಸ್ಟ್ರೇಲಿಯದ ಗ್ರೇಸ್ ಎಂಬುವರು 1962 ರಲ್ಲಿ, ನಮ್ಮ ಟಸರ್ ರೇಷ್ಮೆ ಹುಳುವಿನ ಕುಲಕ್ಕೇ ಸೇರಿದ ಪತಂಗವೊಂದರ ಅಂಡಾಶಯದಿಂದ ತೆಗೆದ ಜೀವಕೋಶಗಳು ಸೀಸೆಯಲ್ಲಿ ಎಡೆಬಿಡದೆ ವೃದ್ಧಿಯಾಗುವಂತೆ ಮಾಡಿದರು. ಹೀಗೆ ಮೂಲ ಹುಳು ಸತ್ತು ವರ್ಷಗಳಾದರೂ ಸೀಸೆಯಿಂದ ಸೀಸೆಗೆ ಮುಂದುವರಿಯುತ್ತಾ ಹೋಗುವ ಜೀವಕೋಶಗಳಿಗೆ 'ಜೀವಕೋಶ ಸಂತತಿ' ಎನ್ನಬಹುದು. ಕಡ್ಡಿ ನೆಟ್ಟು ನೆಟ್ಟು ಹಿಪ್ಪುನೇರಳೆಯ ಒಂದು ತಳಿಯನ್ನು ಮುಂದುವರಿಸುವಂತೆಯೇ ಇದು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದ್ದು ಪುಣೆ. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ 1967 ರಲ್ಲಿ ಡಾ. ಕೆ. ಆರ್. ಪಿ. ಸಿಂಗ್ ಅವರು ಎರಡು ಜಾತಿಯ ಸೊಳ್ಳೆಗಳಿಂದ ಜೀವಕೋಶ ಸಂತತಿಗಳನ್ನು ಪಡೆದರು. ಅವುಗಳಲ್ಲೊಂದರಿಂದ ಆಯ್ದ ತಳಿಯನ್ನು ಡೆಂಗೆ ನಂಜಾಣುವನ್ನು ಬೆಳೆಸಲು ಪ್ರಪಂಚದ ಅನೇಕ ಪ್ರಯೋಗಾಲಯಗಳು ಬಳಸುತ್ತವೆ. ಅದೇ ಸಂಸ್ಥೆಯ ವಿಜ್ಞಾನಿಗಳು ಮುಂದೆ ಕಾಯಿಕೊರಕ ಹುಳುವಿನಿಂದಲೂ ಜೀವಕೋಶ ಸಂತತಿಯನ್ನು ಪಡೆದು 2002 ರಲ್ಲಿ ಪ್ರಕಟಿಸಿದರು.

ಕೆಲಸ ನಡೆಯುವ ಕ್ರಮ ಸ್ಥೂಲವಾಗಿ ಹೀಗೆ. ಹುಳುವಿನ ಅಂಡಾಶಯವನ್ನೋ, ಮೊಟ್ಟೆಯೊಳಗಿನ ಎಳೆಯ ಭ್ರೂಣವನ್ನೋ ತೆಗೆದು, ಸಣ್ಣಗೆ ಕತ್ತರಿಸಿ, ಪೋಷಕ ದ್ರಾವಣವಿರುವ ಚಪ್ಪಟೆ ಸೀಸೆಯಲ್ಲಿ ಇಡುತ್ತಾರೆ. ಒಂದು ದುಂಡಾಣುವೋ ಶಿಲೀಂಧ್ರದ ಬೀಜಾಣುವೋ ಒಳಗೆ ಬಿದ್ದರೂ ಎಲ್ಲವೂ ಕೊಳೆಯುವುದರಿಂದ ಗಾಳಿಯನ್ನು ಶೋಧಿಸಿದ ಪೆಟ್ಟಿಗೆಯೊಳಗೇ ಕೈಯಾಡಿಸಬೇಕು. ಉಷ್ಣತೆ 27-28 ಡಿಗ್ರಿ ಸೆಲ್ಸಿಯಸ್ ಇರಬೇಕು. ದ್ರಾವಣ ತುಸು ಹುಳಿಯಾಗಿರಬೇಕು. ಒಂದು ಸಂತತಿ ನೆಲೆಗೊಳ್ಳಲು ತಿಂಗಳುಗಳು ಹಿಡಿಯುತ್ತವೆ; ಎಷ್ಟೋ ಪ್ರಯತ್ನಗಳು ನಡುವೆಯೇ ನಿಲ್ಲುತ್ತವೆ. ನೆಲೆಗೊಂಡ ಮೇಲೆ ಒಳ್ಳೆಯ ಸಂತತಿಯ ಜೀವಕೋಶಗಳು ಸುಮಾರು ಒಂದು ದಿನಕ್ಕೆ ಎರಡರಷ್ಟಾಗುತ್ತವೆ.

ಇವುಗಳಿಗೆ ಹರಳಿನ ರೂಪದ ನಂಜಾಣುವನ್ನು ಹಾಕಿದರೆ ಏನೂ ಆಗುವುದಿಲ್ಲ. ಸೀಸೆಯಲ್ಲಿ ಹುಳುವಿನ ಕರುಳಿಲ್ಲ, ಕ್ಷಾರರಸವಿಲ್ಲ. ಕೋಟೆ ಒಡೆಯುವುದು ಹೇಗೆ? ಆದುದರಿಂದ ರೋಗ ಹಿಡಿದ ಹುಳುವಿನ ರಕ್ತದಿಂದ ಬರಿಯ ರೂಪದ ನಂಜಾಣುವನ್ನು ತೆಗೆದು ಹಾಕಬೇಕು. ಹಾಕಿದ ಒಂದು ದಿನದ ಹೊತ್ತಿಗೆ ಜೀವಕೋಶದ ಮಧ್ಯದ ಬೀಜ ಉಬ್ಬಿ ಹರಳುಗಳು ಮೂಡತೊಡಗುತ್ತವೆ. ಮೂರು-ನಾಲ್ಕು ದಿನಗಳಲ್ಲಿ ದಾಳಿಂಬೆಯೊಳಗಿನ ಕಾಳಿನಂತೆ ತುಂಬಿಕೊಳ್ಳುತ್ತವೆ. ಅನಂತರ ಜೀವಕೋಶ ಒಡೆಯುತ್ತದೆ.

ಮಲ್ಲೇಶ್ವರದ ಪಕ್ಕದ ಪ್ರಯೋಗ

ಮಲ್ಲೇಶ್ವರಕ್ಕೆ ತಗುಲಿದಂತೆ ಉತ್ತರಕ್ಕಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಬಸವನಗುಡಿಯ ರೇಷ್ಮೆ ಕ್ಷೇತ್ರವನ್ನು ತೆರೆದ ಟಾಟಾ ಅವರ ಸಂಕಲ್ಪದಿಂದಲೇ 1909 ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಅಲ್ಲಿ ಪ್ರೊ. ಕೆ. ಪಿ. ಗೋಪಿನಾಥನ್ ಮತ್ತು ಅವರ ಸಂಗಡಿಗರು ರೇಷ್ಮೆ ಹುಳುವಿನ ಜೀವಕೋಶ ಸಂತತಿಯಲ್ಲಿ ಹಾಲು ತೊಂಡೆ ರೋಗದ ನಂಜಾಣುವನ್ನು ಬೆಳೆಸಿ ಅದರ ಗುಣಗಳನ್ನು ಅಭ್ಯಾಸ ಮಾಡಿದರು.

ಈ ಅಭ್ಯಾಸದಿಂದ ಏನು ಪ್ರಯೋಜನ ಎಂದು ಕೇಳಬಹುದು. ಹರಳನ್ನು ಕಟ್ಟಲು ನಂಜಾಣು ಅಪಾರ ಪ್ರಮಾಣದ ಸಸಾರಜನಕವನ್ನು ತಯಾರಿಸುತ್ತದೆಂದು ಹೇಳಿದೆವಷ್ಟೆ. ಸೀಸೆಯಲ್ಲಿ ಬೆಳೆಯುವಾಗ ಅದಕ್ಕೆ ಹರಳು ಅಗತ್ಯವಿಲ್ಲ. ಆದುದರಿಂದ ಹರಳಿನ ಸಸಾರಜನಕಕ್ಕೆ ಕಾರಣವಾದ ವಂಶವಾಹಿಯನ್ನು ತೆಗೆದು, ಆ ಜಾಗದಲ್ಲಿ ನಮಗೆ ಬೇಕಾದ ಸಸಾರಜನಕದ ವಂಶವಾಹಿಯನ್ನು ಕೂಡಿಸಿದರೆ, ಜೀವಕೋಶವು ಹರಳಿಗೆ ಬದಲು ಅದನ್ನೇ ತಯಾರಿಸಿಕೊಡುತ್ತದೆ. ಅಮೆರಿಕದಲ್ಲಿ 1983 ರಲ್ಲಿ ಈ ಉಪಾಯ ಫಲಿಸಿತು. 1985 ರಲ್ಲಿ ಜಪಾನಿನಲ್ಲಿ ಇದನ್ನು ರೇಷ್ಮೆ ಹುಳುವಿನ ಮೇಲೆ ಪ್ರಯೋಗಿಸಿ ಯಶಸ್ವಿಯಾದರು. ಬೆಂಗಳೂರಿನ ಈ ತಂಡವು ಮಾನವನ ಬೆಳವಣಿಗೆಯ ಹಾರ್ಮೋನನ್ನು ರೇಷ್ಮೆ ಹುಳುವಿನಿಂದ ತಯಾರಿಸಿ 1996 ರಲ್ಲಿ ವರದಿ ಮಾಡಿತು.

ಇದಕ್ಕಿಂತ ಹತ್ತಿರದ ಉದಾಹರಣೆಯೂ ಇದೆ. ಮುಸುಕಿನ ಜೋಳದ ಸುಳಿಯನ್ನು ಹರಿದು ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2018 ರ ಮೇ ತಿಂಗಳಿನಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಇದೇ ಹುಳುವಿನ ಪ್ಯೂಪಾದ ಅಂಡಾಶಯದಿಂದ 1970 ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜೀವಕೋಶ ಸಂತತಿಯನ್ನು ಪಡೆದಿದ್ದರು. ಕೊರೋನಾ ಕಾಯಿಲೆಗೆ ಪುಣೆಯಲ್ಲಿ ತಯಾರಾಗಿ 2021 ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಪಡೆದ ಕೋವೋವ್ಯಾಕ್ಸ್ ಲಸಿಕೆಯ ಸಸಾರಜನಕ ಬೆಳೆದದ್ದು ಆ ಸಂತತಿಯ ಜೀವಕೋಶಗಳಲ್ಲೇ, ಇಂಥ ಕೀಟ ನಂಜಾಣುವಿನ ಸಹಾಯದಿಂದಲೇ. ರೈತನ ಜೋಳವನ್ನು ತಿಂದ ಹುಳುವಿನ ಜೀವಕೋಶವೇ ಜನರಿಗೆ ಲಸಿಕೆ ಒದಗಿಸಿತು.

ಹೊಲಕ್ಕೆ ಇನ್ನೂ ಏಕೆ ಬಂದಿಲ್ಲ?

ಲಸಿಕೆಗೆ ಸಾಧ್ಯವಾದುದು ಹೊಲದ ಸಿಂಪರಣೆಗೆ ಏಕೆ ಸಾಧ್ಯವಾಗಿಲ್ಲ? ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಪ್ರಮಾಣ. ಒಂದು ಲಸಿಕೆಗೆ ಬೇಕಾದ ಸಸಾರಜನಕ ಗ್ರಾಮಿನ ಲಕ್ಷ ಭಾಗದ ಲೆಕ್ಕದಲ್ಲಿ. ಹೊಲಕ್ಕಾದರೋ ಎಕರೆಗೆ 60,000 ಕೋಟಿ ಹರಳು. ಒಂದು ಜೀವಕೋಶದಿಂದ 100 ಹರಳು ಸಿಗುತ್ತದೆ, ಒಂದು ಮಿಲಿಲೀಟರಿನಲ್ಲಿ 10 ಲಕ್ಷ ಜೀವಕೋಶಗಳಿವೆ ಎಂದು ಹಿಡಿಯೋಣ. ಆಗ ಒಂದು ಎಕರೆಗೆ 600 ಕೋಟಿ ಜೀವಕೋಶಗಳು, ಅಂದರೆ 6 ಲೀಟರ್ ಪೋಷಕ ದ್ರಾವಣ ಬೇಕು. ಅಮೈನೋ ಆಮ್ಲ, ಜೀವಸತ್ವ, ಕೆಲವೊಮ್ಮೆ ಕರುವಿನ ರಕ್ತಸಾರವನ್ನೂ ಕೂಡಿಸಿದ ಆ ದ್ರಾವಣದ ಬೆಲೆಯನ್ನು ಕಡಲೆ ಹಿಟ್ಟು ತಿಂದು ಬೆಳೆಯುವ 100-300 ಹುಳುಗಳ ಖರ್ಚಿನೊಡನೆ ಹೋಲಿಸಿದರೆ ಹುಳುವೇ ಅಗ್ಗ.

ಎರಡನೆಯದು ಉಸಿರು. ಸೀಸೆಯಲ್ಲಿ ಹಾಯಾಗಿ ಬೆಳೆಯುವ ಜೀವಕೋಶಗಳು ನೂರಾರು ಲೀಟರಿನ ಪೀಪಾಯಿಯಲ್ಲಿ ಹಾಗೆ ಬೆಳೆಯವು. ಅವುಗಳಿಗೆ ಆಮ್ಲಜನಕ ಹೆಚ್ಚು ಬೇಕು. ನಂಜು ಹಿಡಿದ ಮೇಲಂತೂ ಇನ್ನೂ ಹೆಚ್ಚು. ಗಾಳಿಯನ್ನು ಜೋರಾಗಿ ಊದಿ ಕದಡಿದರೆ ಗಟ್ಟಿ ಹೊದಿಕೆಯಿಲ್ಲದ ಜೀವಕೋಶಗಳು ಹರಿದು ಹೋಗುತ್ತವೆ. ದುಂಡಾಣುವಿಗೆ ಇರುವ ಗಟ್ಟಿ ಗೋಡೆ ಇವಕ್ಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೀಜ ಉಳಿಸುವ ರೈತರಿಗೆ ಬೇಗ ತಿಳಿಯುವಂಥದು. ಹೊಲದಿಂದ ಹೊಲಕ್ಕೆ ವರ್ಷ ವರ್ಷವೂ ಆಯ್ಕೆಯಿಲ್ಲದೆ ಬೀಜ ಉಳಿಸುತ್ತ ಹೋದರೆ ತಳಿ ಕೆಡುತ್ತದೆ. ನಂಜಾಣುವೂ ಹಾಗೆಯೇ. ಸೀಸೆಯಿಂದ ಸೀಸೆಗೆ ಹೋಗಲು ಬರಿಯ ರೂಪ ಸಾಕು, ಹರಳು ಬೇಕಿಲ್ಲ. ಹರಳು ಕಟ್ಟುವ ಶ್ರಮವಿಲ್ಲದೆ ಬರಿಯ ರೂಪದಲ್ಲೇ ಬೇಗ ಬೇಗ ಹರಡುವ ಕೆಟ್ಟ ತಳಿ ಎಲ್ಲೋ ಒಂದು ಹುಟ್ಟಿಕೊಂಡರೆ, ಕೆಲವೇ ಸುತ್ತುಗಳಲ್ಲಿ ಅದು ಒಳ್ಳೆಯ ತಳಿಯನ್ನು ಹಿಂದಿಕ್ಕುತ್ತದೆ. ಹತ್ತಾರು ಸುತ್ತು ಕಳೆಯುವಷ್ಟರಲ್ಲಿ ಸೀಸೆಯ ತುಂಬ ನಂಜಾಣುವಿದ್ದರೂ ಹರಳುಗಳು ವಿರಳವಾಗುತ್ತವೆ. ಹರಳಿಲ್ಲದ ನಂಜಾಣು ಹೊಲದಲ್ಲಿ ಬಿಸಿಲಿಗೂ ನಿಲ್ಲದು, ಹುಳುವಿನ ಕರುಳನ್ನೂ ದಾಟದು. ಇದನ್ನು ತಡೆಯಲು ವಿಜ್ಞಾನಿಗಳು ಸುತ್ತುಗಳನ್ನು ಮಿತಿಗೊಳಿಸುತ್ತಾರೆ. ಮತ್ತೆ ಹುಳುವಿಗೆ ತಿನ್ನಿಸಿ, ಅದರಿಂದ ಹೊಸದಾಗಿ ನಂಜಾಣುವನ್ನು ತೆಗೆದು ಮುಂದುವರಿಯುತ್ತಾರೆ. ಅಂದರೆ ಸೀಸೆಯ ಬೆಳೆಗೂ ಮೂಲಬೀಜ ಹುಳುವೇ.

ಆದುದರಿಂದ "ಜೀವಕೋಶದಲ್ಲಿ ಬೆಳೆಸಿದ ಅಗ್ಗದ ಎನ್.ಪಿ.ವಿ." ಎಂದು ಯಾರಾದರೂ ಮಾರಲು ಬಂದರೆ ಹರಳಿನ ಎಣಿಕೆಯನ್ನು ಕೇಳಿ. ಬರಿಯ ನಂಜಾಣುವಿನ ನೀರು ಹೊಲಕ್ಕೆ ನಿರುಪಯೋಗಿ. ಆದರೆ ಜೀವಕೋಶ ಸಂತತಿಗಳಿಂದ ರೈತನಿಗೆ ಈಗಲೇ ಪರೋಕ್ಷ ಲಾಭವಿದೆ: ಯಾವ ಊರಿನ ಹುಳುವಿನಿಂದ ಸಿಕ್ಕ ನಂಜಾಣು ಎಷ್ಟು ಚುರುಕು, ಒಂದು ಹುಳುವಿನ ನಂಜಾಣು ಇನ್ನೊಂದು ಜಾತಿಗೆ ತಗುಲುತ್ತದೆಯೇ ಎಂಬ ಪರೀಕ್ಷೆಗಳಿಗೆ ಅವು ಸಹಾಯಕ. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಫಾಲ್ ಸೈನಿಕ ಹುಳುವಿಗೂ ಎನ್.ಪಿ.ವಿ.ಯನ್ನು ಗುರುತಿಸಿದೆ.

ಬಳಸುವವರು ಗಮನಿಸಬೇಕಾದ ಅಂಶಗಳು

1. ಮೊದಲು ಹುಳುವನ್ನು ಗುರುತಿಸಿರಿ. ಅವರೆಗೆ ಬೀಳುವ ಕಾಯಿಕೊರಕಗಳು ಒಂದೇ ಜಾತಿಯವಲ್ಲ. ಹೆಲಿಕೋವರ್ಪಾ ಕಾಯಿಕೊರಕದ ಎನ್.ಪಿ.ವಿ. ಅದಕ್ಕೆ ಮಾತ್ರ ಗುರಿಯಾದುದು. ಕಾಯಿಗಳನ್ನು ಬಲೆ ಕಟ್ಟಿ ಹೆಣೆಯುವ ಚುಕ್ಕೆ ಕಾಯಿಕೊರಕವನ್ನು ಅದು ಕೊಲ್ಲುವುದಿಲ್ಲ. ಸಂದೇಹವಿದ್ದರೆ ಹುಳುವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತನ್ನಿರಿ.

2. ಹುಳು ಚಿಕ್ಕದಿರುವಾಗಲೇ ಸಿಂಪಡಿಸಿರಿ. ಮೊಟ್ಟೆ ಹಾಗೂ ಮರಿಹುಳುಗಳು ಹೂವಿನ ಗೊಂಚಲಿನಲ್ಲಿ ಕಂಡ ಕಾಲವೇ ತಕ್ಕ ಕಾಲ. ಹುಳು ಕಾಯಿಯೊಳಗೆ ಸೇರಿದ ಮೇಲೆ ನಂಜಾಣು ಅದರ ಬಾಯಿಗೆ ಸಿಗುವುದಿಲ್ಲ.

3. ಸೀಸೆಯ ಮೇಲೆ ಹರಳಿನ ಎಣಿಕೆ ಅಥವಾ ಎಲ್.ಇ., ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇವೆಲ್ಲ ಇದ್ದರೆ ಮಾತ್ರ ಕೊಳ್ಳಿರಿ, ರಸೀದಿ ಪಡೆಯಿರಿ. ಎಲ್.ಇ. ಲೆಕ್ಕವಿದ್ದರೆ ಎಕರೆಗೆ 100. ಬೇರೆ ಲೆಕ್ಕವಿದ್ದರೆ ಚೀಟಿಯಲ್ಲಿ ನಮೂದಿಸಿದಷ್ಟು. ಸೀಸೆಯನ್ನು ತಂಪಾದ ಕತ್ತಲ ಜಾಗದಲ್ಲಿ ಇಡಿರಿ.

4. ಸಂಜೆ ನಾಲ್ಕರ ನಂತರ ಸಿಂಪಡಿಸಿರಿ. ಬಿಸಿಲಿನ ನೇರಳಾತೀತ ಕಿರಣಗಳು ನಂಜಾಣುವನ್ನು ಕೆಲವೇ ಗಂಟೆಗಳಲ್ಲಿ ದುರ್ಬಲಗೊಳಿಸುತ್ತವೆ. 100 ಲೀಟರ್ ನೀರಿಗೆ ಅರ್ಧ ಕೆ.ಜಿ. ಬೆಲ್ಲ, 100 ಗ್ರಾಂ ಬಟ್ಟೆಯ ನೀಲಿ ಪುಡಿಯನ್ನು ಬೆರೆಸಿದರೆ ಹುಳು ಆಸೆಯಿಂದ ತಿನ್ನುತ್ತದೆ, ಬಿಸಿಲಿನಿಂದಲೂ ಸ್ವಲ್ಪ ರಕ್ಷಣೆ ಸಿಗುತ್ತದೆ.

5. ಸುಣ್ಣ, ಬೋರ್ಡೋ ದ್ರಾವಣ ಮುಂತಾದ ಕ್ಷಾರ ಪದಾರ್ಥಗಳೊಡನೆ ಬೆರೆಸಬೇಡಿರಿ. ಹುಳುವಿನ ಕರುಳಿನಲ್ಲಿ ಕರಗಬೇಕಾದ ಹರಳು ಡ್ರಮ್ಮಿನಲ್ಲೇ ಕರಗಿ ಹೋಗುತ್ತದೆ.

6. ಮಾರನೆಯ ದಿನ ಹುಳು ಓಡಾಡುವುದನ್ನು ಕಂಡು ಧೈರ್ಯಗೆಟ್ಟು ರಾಸಾಯನಿಕ ಸಿಂಪಡಿಸಬೇಡಿರಿ. ಐದನೆಯ ದಿನದಿಂದ ಗಿಡದ ತುದಿಯಲ್ಲಿ ಜೋತುಬಿದ್ದ ಹುಳುಗಳನ್ನು ಎಣಿಸಿರಿ. ಅವು ಒಡೆದು ಸುರಿದ ಹರಳು ಉಳಿದ ಹುಳುಗಳಿಗೂ ತಗುಲುತ್ತದೆ. ಅಗತ್ಯವಿದ್ದರೆ 10-15 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಿರಿ.

ರೇಷ್ಮೆ ಬೆಳೆಗಾರರ ಸಂದೇಹ

ಶಿಡ್ಲಘಟ್ಟ, ಕೋಲಾರ, ರಾಮನಗರದ ಕಡೆ ಅವರೆ, ತೊಗರಿಗಳ ಪಕ್ಕದಲ್ಲೇ ಹಿಪ್ಪುನೇರಳೆ ತೋಟಗಳಿರುತ್ತವೆ. "ಅವರೆಗೆ ಹೊಡೆದ ನಂಜಾಣು ನಮ್ಮ ರೇಷ್ಮೆ ಹುಳುವಿಗೆ ಬರುವುದಿಲ್ಲವೇ?" ಎಂದು ಕೇಳುವುದು ನ್ಯಾಯವೇ. ಕಾಯಿಕೊರಕದ ಎನ್.ಪಿ.ವಿ. ರೇಷ್ಮೆ ಹುಳುವಿಗೆ ಹಾಲು ತೊಂಡೆ ರೋಗ ತರುವುದಿಲ್ಲ. ಅವು ಬೇರೆ ನಂಜಾಣುಗಳು. ಜನ, ದನ, ಕೋಳಿ, ಜೇನುಹುಳು ಇವುಗಳಿಗೂ ಅಪಾಯವಿಲ್ಲ. ಪಕ್ಕದ ಹೊಲದಿಂದ ತೇಲಿ ಬರುವ ರಾಸಾಯನಿಕ ಕೀಟನಾಶಕವೇ ರೇಷ್ಮೆ ಹುಳುವಿಗೆ ನಿಜವಾದ ಕಂಟಕ. ಆದರೂ ಸಿಂಪರಣೆ ತಗುಲಿದ ಸೊಪ್ಪನ್ನು ಕೊಯ್ಯಬೇಡಿರಿ. ಸತ್ತ ಹುಳುಗಳನ್ನು ಅರೆದು ಮನೆಯಲ್ಲೇ ನಂಜಾಣು ತಯಾರಿಸುವವರು ಆ ಪಾತ್ರೆಯನ್ನು ಹುಳು ಮನೆಗೆ ತರಬೇಡಿರಿ. ಕೊಳೆತ ಹುಳುಗಳ ನೀರಿನಲ್ಲಿ ಬೇರೆ ದುಂಡಾಣುಗಳೂ ಇರುತ್ತವೆ.

ಹಾಲು ತೊಂಡೆ ಕಂಡರೆ ರೋಗದ ಹುಳುಗಳನ್ನು ಕಡ್ಡಿಯಿಂದ ಆಯ್ದು, ಬ್ಲೀಚಿಂಗ್ ಪುಡಿ ಹಾಗೂ ಸುಣ್ಣದ ನೀರಿರುವ ಪಾತ್ರೆಯಲ್ಲಿ ಹಾಕಿ, ಅನಂತರ ಹೂಳಿರಿ. ಅಂಗಳಕ್ಕೆ ಎಸೆದರೆ ಕೋಳಿ, ಕಾಗೆಗಳು ತಿಂದು ಹಿಕ್ಕೆಯ ಮೂಲಕ ಹರಳನ್ನು ಊರೆಲ್ಲ ಹರಡುತ್ತವೆ. ಹುಳು ಮನೆಗೆ ಸುಣ್ಣದ ತಿಳಿ ಬಳಸಲು ಏಕೆ ಹೇಳುತ್ತಾರೆಂಬುದು ಈಗ ಅರ್ಥವಾಗಿರಬಹುದು: ಕ್ಷಾರದಲ್ಲಿ ಕೋಟೆ ಕರಗಿದರೆ ಒಳಗಿನ ಶತ್ರು ಬಯಲಿಗೆ ಬಿದ್ದು ಸಾಯುತ್ತಾನೆ.

ಅವರೆಯ ಡ್ರಮ್ಮಿಗೆ ಸುಣ್ಣ ಬೇಡ, ರೇಷ್ಮೆ ಮನೆಗೆ ಸುಣ್ಣ ಬೇಕು. ಎರಡಕ್ಕೂ ಕಾರಣ ಒಂದೇ ಹರಳು. ಜೀವಕೋಶದ ವಿದ್ಯೆ ಮುಂದುವರಿದು ಸೀಸೆಯ ನಂಜಾಣು ಅಗ್ಗವಾಗುವವರೆಗೆ ಹುಳುವಿನಲ್ಲಿ ಬೆಳೆದ ನಂಜಾಣುವನ್ನೇ ಸಕಾಲದಲ್ಲಿ, ಸರಿಯಾದ ಎಣಿಕೆಯಲ್ಲಿ, ಸಂಜೆಯ ಹೊತ್ತಿನಲ್ಲಿ ಬಳಸಿರಿ. ಅದಕ್ಕಾಗಿ ಬಿತ್ತನೆ ಮುಗಿಸಿದ ತಿಂಗಳಲ್ಲೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಎಷ್ಟು ಎಕರೆಗೆ ಬೇಕೆಂದು ಗುಂಪಾಗಿ ತಿಳಿಸಿಬಿಡಿರಿ. ಹುಳು ಸಾಕಿ ನಂಜಾಣು ಬೆಳೆಸುವವರಿಗೂ ನಿಮ್ಮಂತೆಯೇ ಒಂದು ಬೆಳೆಯ ಕಾಲ ಬೇಕು.